ಗೇರ್‌ಬಾಕ್ಸ್ ಇಳಿಸುವ ಮುಂಚೆ ಇಷ್ಟು ನೋಡಿ
ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತಿದೆ, ಕ್ರ್ಯಾಂಕ್‌ನ (ಎಂಜಿನ್ ಒಳಗೆ ತಿರುಗುವ ಮುಖ್ಯ ಶಾಫ್ಟ್) ಹಿಂದಿನ ಸೀಲ್ ಹೋಗಿದೆಯಾ ಎಂದು ಕೇಳಿದ್ದೀರಿ. ಹಳೆಯ ಡೀಸೆಲ್ ಗಾಡಿ ಅಲ್ವಾ, ಇರಬಹುದು. ಆದರೆ ಆ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಅದಕ್ಕೇ ಅವಸರ ಬೇಡ. ಎಷ್ಟೋ ಸಲ ಮೇಲೆ ವಾಲ್ವ್ ಕವರ್ ಗ್ಯಾಸ್ಕೆಟ್ (ಎಂಜಿನ್ ಮೇಲಿನ ಮುಚ್ಚಳದ ಅಂಚಿನ ಸೀಲ್) ಸೋರಿ, ಆಯಿಲ್ ಹಿಂಬದಿಯಿಂದ ಇಳಿದು ಅಲ್ಲೇ ತೊಟ್ಟಿಕ್ಕುತ್ತದೆ.

ಎಂಜಿನ್ ತಣ್ಣಗಿರುವಾಗ ಡಿಗ್ರೀಸರ್ ಹಾಕಿ ತೊಳೆದು ಒಣಗಿಸಿ. 15-20 ನಿಮಿಷ ಓಡಿಸಿ, ಆಫ್ ಮಾಡಿ, ಟಾರ್ಚ್ ಹಿಡಿದು ಒದ್ದೆಯಾದ ಎಲ್ಲಕ್ಕಿಂತ ಮೇಲಿನ ಜಾಗ ಹುಡುಕಿ. ಸಾಮಾನ್ಯವಾಗಿ ಸೋರಿಕೆಯ ಮೂಲ ಅಲ್ಲೇ ಇರುತ್ತದೆ.

ಎಂಜಿನ್ ಒಳಗಿನ ಗ್ಯಾಸ್ ಆಚೆ ಬಿಡುವ ಬ್ರೀದರ್ ಪೈಪ್ ಮಾತ್ರ ಮರೆಯಬೇಡಿ. ಅದು ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಇರುವ ಎಂಜಿನ್‌ನ ಕೆಳಭಾಗ) ಒಳಗೆ ಒತ್ತಡ ಏರಿ, ಹೊಸ ಸೀಲ್‌ನಿಂದಲೂ ಆಯಿಲ್ ಆಚೆ ಬರುತ್ತದೆ. ಇದನ್ನು ನೋಡದೆ ನಾನು ಸುಮ್ನೆ ಎರಡು ಸಲ ಸೀಲ್ ಹಾಕಿಸಿದ್ದೆ.

ಗ್ಯಾಸ್ಕೆಟ್ ಬದಲಿಸಿದರೆ ಬೋಲ್ಟ್ ಜಾಸ್ತಿ ಬಿಗಿಯಬೇಡಿ, ಕವರ್ ಸೊಟ್ಟಗಾಗುತ್ತದೆ. ಸೋರಿಕೆ ಸರಿಹೋಗುವವರೆಗೆ ದಿನಾ ಡಿಪ್‌ಸ್ಟಿಕ್ ತೆಗೆದು ಆಯಿಲ್ ಎಷ್ಟಿದೆ ನೋಡಿ.