ಪೋರ್ಟ್‌ಫೋಲಿಯೊಕ್ಕ ಏನ್ ತಗೀಲಿ ಅಂತ ಕೇಳಿದ ಸವಣೂರಿನ ತಂಗಿಗೆ

ತಂಗಿ, ನಿನ್ನ ಪೋಸ್ಟ್ ನಿನ್ನೆ ರಾತ್ರಿನ ಓದಿದ್ದೆ, ಸಾಲಿ ಪೇಪರ್ ತಿದ್ದಾಕ ಕುಂತಿದ್ದೆ ಅದಕ್ಕ ಬರಿಯೋದು ಇವತ್ತಿಗೆ ಬಂತು. ಪಿಯುಸಿ ಮುಗದೈತಿ, ಬಿವಿಎ ಅಂದ್ರ ಚಿತ್ರಕಲಾ ಡಿಗ್ರಿ ಕೋರ್ಸಿಗೆ ಅರ್ಜಿ ಹಾಕಾಕಿ ಇದ್ದಿ, ಜೂನ್‌ದಾಗ ಇಂಟರ್‌ವ್ಯೂ, ಪೋರ್ಟ್‌ಫೋಲಿಯೊ ಅಂತ ನೀ ತಗದ ಚಿತ್ರದ 15 ಹಾಳಿ ಒಯ್ಯಬೇಕು, "ಇಂಟರೆಸ್ಟಿಂಗ್ ಸಬ್ಜೆಕ್ಟ್ ಹೇಳ್ರಿ ಸರ್, ನಮ್ಮೂರಾಗ ಅಂಥಾದ್ದೇನೂ ಇಲ್ಲ" ಅಂತ ಕೇಳೀ. ನೀ ಹಾಕಿದ ಆರೂ ಚಿತ್ರದ ಫೋಟೋ ನೋಡಿದೆ. ಒಂದ ಸಿನಿಮಾ ಹೀರೋ, ಒಂದ ನೀರ ತುಂಬಿದ ಕಣ್ಣು, ಒಂದ ಬುದ್ಧ, ಒಂದ ಸೂರ್ಯ ಮುಳಗೋದು, ಒಂದ ಎತ್ತಿನ ಬಂಡಿ, ಆರನೇದು ನಿಮ್ಮ ಮಾಮಾನ ಹಿಟ್ಟಿನ ಗಿರಣ್ಯಾಗ ಸಾಲಾಗಿ ಇಟ್ಟ ಡಬ್ಬಿ, ಅದರ ಬುಡಕ "ಇದು ಸುಮ್ನ ಟೈಮ್‌ಪಾಸ್" ಅಂತ ಬರದೀ. ಮುಚ್ಚುಮರಿ ಇಲ್ದ ಹೇಳ್ತೀನಿ, ಆರರಾಗ ಕೈ ಭಾಳ ತಪ್ಪಿದ್ದು ಆ ಡಬ್ಬಿ ಚಿತ್ರದಾಗನ. ಖರೆ ನಾ ನಿನ್ನ ಜಾಗಾದಾಗ ಇದ್ರ ಉಳದ ಐದ ಬದಿಗಿಟ್ಟು ಅದೊಂದನ್ನ ಹಿಡಕೊಂಡು ಕುಂದರ್ತಿದ್ದೆ. ಯಾಕ ಅಂತ ಸ್ವಲ್ಪ ಉದ್ದ ಆಗ್ತೈತಿ, ಓದು.

ಮೊದಲ ಆ ಎತ್ತಿನ ಬಂಡಿ. ಅದನ್ನ ನೋಡಿ ನನಗ ನಗಿ ಬಂತು, ನಿನ್ನ ಮ್ಯಾಲ ಅಲ್ಲವಾ, ನನ್ನ ಮ್ಯಾಲ. ಭಾಳ ವರ್ಷದ ಹಿಂದ ನಾನೂ ಇಂಥಾದ ಒಂದ ಬಂಡಿ ಬಗಲಾಗ ಹಿಡಕೊಂಡು ಇಂಟರ್‌ವ್ಯೂಕ್ಕ ಹೋಗಿದ್ದೆ. ಕಿರಾಣಿ ಅಂಗಡಿ ಕ್ಯಾಲೆಂಡರ್ ನೋಡಿ ಪೋಸ್ಟರ್ ಕಲರಿನಾಗ ಮಾಡಿದ್ದು, ನಾಕ ದಿನ ಕುಂತು ಎತ್ತಿನ ಮೈಮ್ಯಾಲಿನ ಕೂದಲಾ ಒಂದೊಂದ ಬಿಡಸಿದ್ದೆ. ಅಲ್ಲಿ ಕುಂತ ಹಿರೇರು ಒಬ್ರು ಕನ್ನಡಕ ಸರಿಸಿ ಸಾವಕಾಶ ನೋಡಿದ್ರು, "ನಿಮ್ಮ ಮನ್ಯಾಗ ಎತ್ತ ಅದಾವೇನಪಾ" ಅಂದ್ರು. ಅದಾವ್ರಿ ಸರ್ ಅಂದೆ, ಭಾರೀ ಖುಷಿಲೆ. "ಮತ್ತ ಜತಗಿ ಇಲ್ದ ಈ ನೊಗ ಹೆಗಲಮ್ಯಾಲ ಹೆಂಗ ನಿಂತೈತಿ?" ಜತಗಿ ಅಂದ್ರ ನೊಗ ಜಾರದಂಗ ಎತ್ತಿನ ಕೊರಳಿಗೆ ಕಟ್ಟೋ ಪಟ್ಟಿ. ನೋಡ್ತೀನಿ, ಖರೇನ ಇಲ್ಲ. ಕ್ಯಾಲೆಂಡರಿನಾಂವ ಎತ್ತಿನ ಕೊರಳಿಗೆ ದೊಡ್ಡ ಹಾರ ಹಾಕಿ ಜತಗಿ ಮುಚ್ಚಿದ್ದ, ಹೂವಿನ ಹಾರ ಬಿಡಸಾಕ ಬ್ಯಾಸರಾಗಿ ನಾ ಹಾರ ಬಿಟ್ಟಿದ್ದೆ, ಹಾರದ ಜೋಡಿ ಜತಗೀನೂ ಹೋಗಿತ್ತು. ಹತ್ತ ವರ್ಷದಾಂವ ಇದ್ದಾಗಿಂದ ದಿನಾ ಮುಂಜಾನೆ ಅದನ್ನ ಕಟ್ಟಿದ ಕೈ ಇದು! ಆ ವರ್ಷ ಸೀಟ್ ಸಿಗಲಿಲ್ಲ, ಅದೊಂದಕ್ಕ ಅಂತ ಹೇಳಾಕ ಬರೂದಿಲ್ಲ, ಉಳದವೂ ಹಂಗ ಇದ್ದೂ. ನಿನ್ನ ಬಂಡ್ಯಾಗೂ ನೋಡು, ಎಡಗಡೆ ಎತ್ತಿಗೆ ಜತಗಿ ಇಲ್ಲ.

ನಾ ಈಗ ನಮ್ಮ ಸಾಲಿ ಹುಡುಗ್ರಿಗೆ ಕೇಳೋದು ಇಷ್ಟ, ಆ ಜಾಗಾಕ್ಕ ಒಂದ ವಾರದಾಗ ಐದ ಸಲ ಹೋಗಿ ತಾಸ್ ತಾಸ್ ಕುಂದ್ರಾಕ ಆಗ್ತೈತೇನು, ಯಾರರ ಎಬ್ಬಸ್ತಾರೇನು, ಬಸ್ ಚಾರ್ಜ್ ಎಷ್ಟ ಬೀಳ್ತೈತಿ, ನಾಳೆ ಹೋದ್ರೂ ಅದು ಅಲ್ಲೇ ಇರ್ತೈತೇನು. ಇದರಾಗ ಪಾಸಾಗಿದ್ದ ಸಬ್ಜೆಕ್ಟ್ ಆಗ್ತೈತಿ. ಮ್ಯಾಲಿನ ಕಾಮೆಂಟಿನಾಗ ಒಬ್ರು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ಮಾಡು ಅಂದಾರ, ಚೊಲೊ ಜಾಗಾ, ಆದ್ರ ಅಲ್ಲಿ ಸುಗ್ಗಿ ಏನಿದ್ರೂ ಚಳಿಗಾಲದಿಂದ ಮಾರ್ಚ್ ತನಕಾ, ಈಗ ಹೋಗಿ ಏನ್ ನೋಡ್ತಿ. ಅದೂ ಅಲ್ದ ಕೆಂಪ ರಾಶಿ ಫೋಟೋದಾಗ ಭಾರೀ ಕಾಣ್ತೈತಿ, ಪೆನ್ಸಿಲಿನಾಗ ತಗದ್ರ ಬರೀ ಗುಡ್ಡ.

ಈಗ ಗಿರಣಿಗೆ ಬರೂಣು. ನೀ ದಿನಾ ನೋಡ್ತಿ ಅದಕ್ಕ ನಿನಗ ಕಾಣವಲ್ದು. ಕರೇ ಮಷೀನು, ಅದರ ಮ್ಯಾಲ ಬಿಳೇ ಹಿಟ್ಟು, ಚಾರ್ಕೋಲ್ (ಇದ್ದಲಿ ಕಡ್ಡಿ) ಹಿಡದ ಚಿತ್ರಾ ಮಾಡಾಕ ಇದಕ್ಕಿಂತ ಚೊಲೊ ಸಾಮಾನು ಎಲ್ಲಿ ಸಿಗ್ತೈತಿ ಹೇಳು. ಮೋಟರಿನಿಂದ ಗಾಲಿಗೆ ಹೋದ ಪಟ್ಟಾ, ಮ್ಯಾಲ ಕಾಳ ಸುರಿಯೋ ತಗಡಿನ ಬಾಯಿ, ಹಿಟ್ಟ ಇಳಿಯೋ ಕಡೆ ಕಟ್ಟಿದ ಬಟ್ಟಿ ಚೀಲ ಉಬ್ಬಿ ಉಬ್ಬಿ ಇಳಿಯೋದು, ಗ್ವಾಡಿಗೆ ಹೊಡದ ಮೊಳಿಗೆ ಜೋತ ಬಿದ್ದ ಚೀಟಿ. ಮುಂಜಾನೆ ಪೂರ್ವದ ಕಿಡಕಿಯಿಂದ ಬಿಸಲ ಬಿದ್ರ ಹಿಟ್ಟಿನ ಧೂಳಿನಾಗ ಬೆಳಕು ಕೋಲಿನಂಗ ನಿಂದರ್ತೈತಿ, ಅದು ಅರ್ಧಾ ತಾಸ್ ಇದ್ರ ಹೆಚ್ಚು. ಗಿರಣಿ ಮುಂದ ಕಾಯಾಕ ಕುಂತ ಹೆಣ್ಮಕ್ಕಳನ್ನ ಐದೈದ ನಿಮಿಷದಾಗ ಪೆನ್ನಿಲೆ ತಗಿ, ಒಬ್ಬಾಕಿ ಎದ್ದ ಹೋದ್ರ ಅರ್ಧಾ ಬಿಟ್ಟು ಇನ್ನೊಬ್ಬಾಕಿನ್ನ ಹಿಡಿ, ಅರ್ಧಾ ಉಳದಿದ್ದಕ್ಕ ನಾಚ್ಕೊಬ್ಯಾಡ. ಹಬ್ಬದ ಮುಂದಿನ ದಿನದ ಗದ್ದಲ ಮನಿಗೆ ಬಂದು ನೆನಪಿಲೆ ಕಂಪೋಸಿಷನ್ ಮಾಡು, ಅಂದ್ರ ಮಂದಿ, ಸಾಮಾನು ಎಲ್ಲಾ ಒಂದ ಹಾಳ್ಯಾಗ ಹೊಂದಿಸಿದ ಚಿತ್ರ, ಪ್ರವೇಶ ಪರೀಕ್ಷೆದಾಗ ಸಂತಿ, ಬಸ್ ಸ್ಟ್ಯಾಂಡ್, ಜಾತ್ರಿ ಇಂಥಾವ ಕೇಳೋದ ಜಾಸ್ತಿ, ಆ ರೂಢಿ ಇಲ್ಲೇ ಆಗ್ತೈತಿ. ಒಂದ ಗಿರಣ್ಯಾಗ ಆರೇಳ ಹಾಳಿ ಎದ್ದೂ ನೋಡು.

ಎಲ್ಲಾಕ್ಕಿಂತ ಮಜಾದ್ದು ನಿಮ್ಮ ಮಾಮಾ. ನಾ ಅವ್ರನ್ನ ನೋಡಿಲ್ಲ, ಖರೆ ಗಿರಣಿ ನಡಸವ್ರ ಹುಬ್ಬು ಮಧ್ಯಾಹ್ನದೊಳಗ ಬೆಳ್ಳಗ ಆಗಿರ್ತಾವು. ಈಗ ಅವ್ರ ಮಾರಿ ತಗಿ, ನೋಡಿದವ್ರು ಎಪ್ಪತ್ತ ವರ್ಷದ ಮುದುಕಾ ಅನ್ನಬಾರದು, ನಲವತ್ತರ ಗಂಡಸು ಹಿಟ್ಟಿನಾಗ ನಿಂತಾನ ಅನ್ನಬೇಕು. ಹೆಂಗ ಮಾಡ್ತಿ? ಹಿಟ್ಟು ಮ್ಯಾಲಿಂದ ಬಂದು ಕುಂದರ್ತೈತಿ. ಹುಬ್ಬಿನ ತುದಿ ಕೂದಲಿಗೆ, ಮೂಗಿನ ಬೆನ್ನಿಗೆ, ಕಿವಿ ಮ್ಯಾಲಿನ ಮಡಚಿಗೆ, ಹೆಗಲಿಗೆ ಹತ್ತತೈತಿ, ಹುಬ್ಬಿನ ಬುಡಕ್ಕ ಕೂದಲಾ ಕರೇನ ಇರ್ತಾವ, ಗದ್ದದ ಕೆಳಗ ಹತ್ತೋದ ಇಲ್ಲ. ಬೆವರ ಇಳದ ಕಡೆ ಗೆರಿ ಬಿದ್ದಿರ್ತೈತಿ. ಮುಪ್ಪಿನ ಹುಬ್ಬು ಹಂಗಲ್ಲ, ಬುಡದಿಂದನ ಬೆಳ್ಳಗ. ಇದನ್ನ ಬಿಳೇ ಹಾಳಿಮ್ಯಾಲ ಮಾಡಾಕ ಹೋಗಬ್ಯಾಡ, ಪುಸ್ತಕಕ್ಕ ಹೊದಸೋ ಬ್ರೌನ್ ಪೇಪರ್ ತಗೊ, ಹೊಳಪ ಇಲ್ಲದ ಮಗ್ಗಲಾ ಮ್ಯಾಲ ಮಾಡಿ ಬೋರ್ಡಿಗೆ ಟೇಪ್ ಹಚ್ಚು, ಕರೇದಕ್ಕ ಚಾರ್ಕೋಲ್, ಹಿಟ್ಟಿಗೆ ಮಾತ್ರ ಬಿಳೇ ಚಾಕ್ ಪೆನ್ಸಿಲ್, ಮೈಬಣ್ಣಕ್ಕ ಹಾಳಿನ ಇರ್ತೈತಿ, ಅದನ್ನ ಮುಟ್ಟಬ್ಯಾಡ. ಮೊದಲನೇದು ಕೆಡ್ತೈತಿ, ಎರಡನೇದೂ ಕೆಡ್ತೈತಿ. ಇಂಟರ್‌ವ್ಯೂದಾಗ "ಇದನ್ನ ಯಾಕ ತಗದಿ" ಅಂದ್ರ ಈ ಹುಬ್ಬಿನ ಸಮಸ್ಯಾನ ಹೇಳು, ಕನ್ನಡದಾಗ, ಹಿಂಗ ನಮ್ಮ ಕಡೆ ಮಾತಿನಾಗ. "ಗ್ರಾಮೀಣ ಬದುಕಿನ ಸೊಗಡು" ಅಂತೇನರ ಬಾಯಿಪಾಠ ಮಾಡ್ಕೊಂಡ ಹೋಗಬ್ಯಾಡ.

ಡಬ್ಬ್ಯಾಗ ಏನ್ ತಪ್ಪೈತಿ ಅಂದ್ರ, ಎಲ್ಲಾ ಡಬ್ಬಿ ಬಾಯಿ ಒಂದೇ ಅಳತಿ ದುಂಡಗ ತಗದಿ, ತಳ ಮಾತ್ರ ಸೀದಾ ಗೆರಿ ಎಳದಿ. ನಿನ್ನ ಕಣ್ಣಿನ ಮಟ್ಟಕ್ಕ ಬರಾಬರಿ ಇದ್ದ ಬಾಯಿ ಬರೀ ಅಡ್ಡಗೆರಿ ಕಾಣ್ತೈತಿ, ಅಲ್ಲಿಂದ ಕೆಳಗ ಇಳದಂಗ ಇಳದಂಗ ಬಾಯಿ ತೆರಕೋತ ಹೋಗ್ತೈತಿ, ಅಂದ್ರ ಡಬ್ಬಿ ನೆಲದಮ್ಯಾಲ ಇದ್ರ ಬಾಯಿಗಿಂತ ತಳದ ದುಂಡು ಹೆಚ್ಚ ತೆರದಿರಬೇಕು. ಮತ್ತ ಎರಡೂ ಕೊನಿಗೆ ಮೀನಿನ ಬಾಲದಂಗ ಚೂಪ ಮಾಡಬ್ಯಾಡ, ಅಲ್ಲೂ ಅದು ತಿರಗತೈತಿ. ಸ್ಟೀಲಿನ ಗ್ಲಾಸಿನಾಗ ಅರ್ಧಾ ನೀರ ಹಾಕಿ ಏರ್ಸಿ ಇಳಿಸಿ ನೋಡು, ಹತ್ತ ನಿಮಿಷದಾಗ ತಿಳಿತೈತಿ.

ಇನ್ನ ಕಾಮೆಂಟಿನಾಗ ಹಳೇ ಗುಡಿಗಳ ಊರು ಲಕ್ಕುಂಡಿಗೆ ಹೋಗು ಅಂದವ್ರಿಗೆ ನಂದೇನ ತಕರಾರ ಇಲ್ರಿ, ನಾ ಗದಗ ಕಡ್ಯಾಂವ, ವರ್ಷಕ್ಕ ನಾಕ ಸಲ ಹುಡುಗ್ರನ್ನ ಕರಕೊಂಡ ಹೋಗ್ತೀನಿ. ಆದ್ರ ಹೊಸಬ್ರು ಕಾಶಿವಿಶ್ವೇಶ್ವರ ಗುಡಿ ಬಾಗಲಾ ಮುಂದ ಕುಂತು ಅದರ ಒಂದೊಂದ ಬಳ್ಳಿ ಎಣಸಾಕ ಸುರು ಮಾಡ್ತಾರ, ಸಂಜಿಗೆ ನೋಡಿದ್ರ ಗೇಣ ಜಾಗಾ ಆಗಿರ್ತೈತಿ, ಅದೂ ಚಾಲುಕ್ಯರ ಕಾಲದ ಶಿಲ್ಪಿ ಮಾಡಿಟ್ಟ ಡಿಸೈನು, ನಿಂದಲ್ಲ. ಹೋಗೋದಾದ್ರ ಒಳಗಿನ ದುಂಡನ ಕಂಬ ತಗಿ, ಬುಗರಿಯಂಗ ಸುತ್ತ ಕಡದಿದ್ದು, ಅದರಾಗೂ ನಿಮ್ಮ ಗಿರಣಿ ಡಬ್ಬಿ ಲೆಕ್ಕಾನ ಐತಿ, ಮ್ಯಾಲಿನ ಉಂಗುರ ಒಂದ ನಮೂನಿ ಬಾಗಿದ್ರ ಕೆಳಗಿಂದು ಇನ್ನೊಂದ ನಮೂನಿ. ಇಲ್ಲಾ ಮಾಣಿಕೇಶ್ವರ ಗುಡಿ ಹಂತ್ಯಾಕಿನ ಮುಸುಕಿನ ಬಾವಿ, ಮೆಟ್ಟಲ ಮ್ಯಾಲ ಬಿಸಲು ನೆಳ್ಳು ಬಿದ್ದಿದ್ದು ಬರೀ ಮೂರ ಟೋನ್‌ನಾಗ (ತಿಳಿ, ನಡುವಿಂದು, ಕಡು) ಆಗ್ತೈತಿ, ಕೆತ್ತನಿ ಗೊಡವಿ ಇಲ್ಲ.

ನಿಮ್ಮೂರಾಗ ಏನೂ ಇಲ್ಲ ಅಂದಿದ್ದಕ್ಕ ಮಾತ್ರ ಬೈತೀನಿ. ದೊಡ್ಡಹುಣಸೆ ಮಠದಾಗಿನ ಆ ಬೊಬಾಬ್ ಮರ ನೋಡಾಕ ಎಲ್ಲೆಲ್ಲಿಂದನೋ ಬರ್ತಾರ, ಆಫ್ರಿಕಾ ಕಡೆ ಜಾತಿ ಅದು, ಬೊಡ್ಡಿ ತೊಗಲು ಆನಿ ಕಾಲ ಮಡಚಿದಂಗ. ಬ್ಯಾಸಗ್ಯಾಗ ಎಲಿ ಉದುರಿ ಬರೀ ಟೊಂಗಿ ಇರ್ತಾವ, ಈಗ ಹೋಗು, ಮಳಿ ಹಿಡದ ಮ್ಯಾಲ ಎಲಿ ಮುಚ್ಚತಾವ. ಬುಡಕ್ಕ ಒಬ್ಬ ಮನಶಾನ್ನ ನಿಂದರಸದಿದ್ರ ಅದರ ಅಳತಿ ಗೊತ್ತಾಗೂದಿಲ್ಲ, ಬರೇ ದಪ್ಪ ಗಜ್ಜರಿಯಂಗ ಕಾಣ್ತೈತಿ, ಅದೊಂದ ನೆನಪಿಡು. ಆಮ್ಯಾಲ ಸವಣೂರ ವೀಳ್ಯದೆಲಿ. ಎಲಿತ್ವಾಟದಾಗ ಹಸರ ಕತ್ತಲಿ ಇರ್ತೈತಿ, ಬಣ್ಣದ ಹಾಳಿ ಒಂದೆರಡರ ಬೇಕಲ್ಲ, ಅದಕ್ಕ ಅಲ್ಲಿ ಹೋಗು, ಎಷ್ಟ ನಮೂನಿ ಹಸರ ಕಲಸಾಕ ಆಗ್ತೈತಿ ನೋಡು. ಸಂತ್ಯಾಗ ಎಲಿ ಎಣಸಿ ಕಟ್ಟ ಕಟ್ಟೋರ ಬೆರಳು ಸ್ಕೆಚ್ ಮಾಡು, ಕೈ ತಗಿಯಾಕ ಬರ್ತೈತೋ ಇಲ್ಲೋ ಅಂತ ಇಂಟರ್‌ವ್ಯೂದಾಗ ನೋಡೇ ನೋಡ್ತಾರ.

ಕಸೂತಿ ಡಿಸೈನ್ ಸೇರಸು ಅಂದಾರ ಒಬ್ಬ ಅಕ್ಕಾರು. ಅಂಚಿಗೆ ಗೋಪುರ, ಆನಿ ಬಾರ್ಡರ್ ಹಾಕೋದಾದ್ರ ಬ್ಯಾಡ, ಅದು ಮದವಿ ಕಾರ್ಡ್ ಆಗ್ತೈತಿ. ನಿನಗ ಗವಂತಿ, ಮುರಗಿ ಅನ್ನೋ ಕಸೂತಿ ಹೊಲಿಗಿ ಹಾಕಾಕ ಬರ್ತಿದ್ರ ಸೀರಿ ಮಡಚಿ ಇಟ್ಟು ಆ ಮಡಕಿಯೊಳಗ ಡಿಸೈನ್ ಹೆಂಗ ಮುರೀತೈತಿ ಅದನ್ನ ತಗಿ. ಗಿಡ ಉಳಿಸಿ, ಭೂಮಿ ತಾಯಿ ಅಳೋದು, ಮೊಬೈಲಿಗೆ ಸರಪಳಿ ಕಟ್ಟಿದ್ದು, ಇವು ದಯಮಾಡಿ ಬ್ಯಾಡ. ನನಗ ಸೇರಂಗಿಲ್ಲ ಅಂತ ಅಲ್ಲ (ಸೇರಂಗಿಲ್ಲ, ಅದು ಬ್ಯಾರೆ ಮಾತು), ನೂರ ಹುಡುಗ್ರು ಅದನ್ನ ತಂದಿರ್ತಾರ.

ಡಬ್ಬಿ ಒಯ್ದ್ರ ನಗತಾರ ಅಂತ ನಿನಗ ಅನಸ್ತಿದ್ರ, ಇಟಲಿ ಬೊಲೊನ್ಯಾ ಊರಾಗ ಜಾರ್ಜಿಯೊ ಮೊರಾಂಡಿ ಅಂತ ಚಿತ್ರಕಾರ್ರು ಇದ್ರು, 1890ರಿಂದ 1964. ಮನಿ ಬಿಟ್ಟ ಭಾಳ ಕಡೆ ಹೋದವ್ರಲ್ಲ, ಮಲಗೋ ಖೋಲ್ಯಾಗ ಬಾಟ್ಲಿ, ಡಬ್ಬಿ, ಹೂಜಿ ಇಟ್ಕೊಂಡು ಜೀವಮಾನ ಅವನ್ನ ತಗದ್ರು, ಮ್ಯಾಲ ಕುಂತ ಧೂಳನೂ ಒರಸ್ತಿದ್ದಿಲ್ಲಂತ. ಧೂಳ ನಿಮ್ಮ ಗಿರಣ್ಯಾಗ ಪುಕ್ಕಟೆ ಐತಿ. ನಮ್ಮ ದೇಶದಾಗ ಆದ್ರ ಚಿತ್ರಕಾರ ನಂದಲಾಲ್ ಬೋಸರು, 1938ರ ಹರಿಪುರಾ ಕಾಂಗ್ರೆಸ್ ಅಧಿವೇಶನಕ್ಕ ಗಾಂಧೀಜಿ ಕರದು ಕೆಲಸ ಕೊಟ್ರ ನಾಯಕರ ಚಿತ್ರ ಮಾಡಲಿಲ್ಲ, ಡೋಲ ಬಾರಸಾಂವ, ಚಪ್ಪಲಿ ಹೊಲಿಯಾಂವ, ಸಿಂಪಿಗ್ಯಾ ಇಂಥವ್ರನ್ನ ಮಾಡಿದ್ರು. ಮೊಬೈಲಿನಾಗ ಹುಡುಕು, ಅವ್ರ ಗೆರಿ ಎಷ್ಟ ಕಡಿಮಿ ಐತಿ ನೋಡು. ಕಾಪಿ ಮಾಡಬ್ಯಾಡ ಮತ್ತ.

ಹೀರೋನ ಫೋಟೋ ನೋಡಿ ತಗಿಯೋದು ಬಿಟ್ಟು ಮನ್ಯಾಗ ಆಯಿ ಇದ್ರ ಊಟಾ ಮಾಡಿ ಅಡ್ಡ ಆದಾಗ ತಗಿ, ಒಂದ ತಾಸ್ ಅಲಗಾಡೂದಿಲ್ಲ, ಅಂಥಾ ಮಾಡೆಲ್ ರೊಕ್ಕಾ ಕೊಟ್ರೂ ಸಿಗೂದಿಲ್ಲ. ಕನ್ನಡಿ ಮುಂದ ಕುಂತು ನಿಂದ ಒಂದ ತಗಿ. ಫೋಟೋ ಪೂರಾ ಬ್ಯಾಡ ಅನ್ನಂಗಿಲ್ಲ ನಾನು, ಗಾಲಿಗೆ ಎಷ್ಟ ಕಡ್ಡಿ ಇದ್ದೂ ಅಂತ ಮರತ್ರ ನೋಡಾಕ ಇರ್ಲಿ, ಆದ್ರ ಮೊಬೈಲ್ ಹತ್ರ ಹಿಡದ್ರ ಮೂಗ ದೊಡ್ಡದ ಮಾಡ್ತೈತಿ, ನೆಳ್ಳಿನೊಳಗ ಇದ್ದದ್ದೆಲ್ಲಾ ಕರೇ ಡಾಂಬರ್ ಮಾಡ್ತೈತಿ, ಕಣ್ಣಿಗೆ ಹಂಗ ಕಾಣೂದಿಲ್ಲ. ಹೊರಗ ಕುಂತಾಗ ಮೊದಲ ಹತ್ತ ನಿಮಿಷದಾಗ ನೆಳ್ಳಿನ ಅಂಚ ಗುರ್ತ ಹಾಕ್ಕೊ, ಸೂರ್ಯ ತಾಸಿಗೆ 15 ಡಿಗ್ರಿ ಸರೀತಾನ, ತಾಸಿನ ಮ್ಯಾಲ ನೆಳ್ಳ ಬೆನ್ನ ಹತ್ತಿ ಹೋದ್ರ ಚಿತ್ರದಾಗ ಇಬ್ರು ಸೂರ್ಯ ಬರ್ತಾರ. ಮುಗೀದಿದ್ರ ನಾಳೆ ಅದ ಟೈಮಿಗೆ ಹೋಗು.

ಒಯ್ಯೋದರ ಬಗ್ಗೆ. ಎಷ್ಟ ಹಾಳಿ, ಯಾವ ಸೈಜು ಅಂತ ಆಯಾ ಕಾಲೇಜಿನ ಪ್ರಾಸ್ಪೆಕ್ಟಸ್ ನೋಡು, ಧಾರವಾಡ ಒಂದ ಹೇಳ್ತೈತಿ, ಮೈಸೂರ ಒಂದ, ಬೆಂಗಳೂರ ಒಂದ. 15 ಅಂದ್ರ 15 ತುಂಬಸಾಕ ಅಂತ ಬುದ್ಧನ್ನ ಮತ್ತ ಸೇರಸಬ್ಯಾಡ. ಮೂಲ್ಯಾಗ ತಾರೀಖ ಬರಿ. ಲ್ಯಾಮಿನೇಷನ್ ಅಂತೂ ಬ್ಯಾಡವೇ ಬ್ಯಾಡ, ಟ್ಯೂಬ್‌ಲೈಟ್ ಬುಡಕ ಬರೀ ಹೊಳಪ ಕಾಣ್ತೈತಿ. ಚಾರ್ಕೋಲಿಗೆ ಫಿಕ್ಸೆಟಿವ್ (ಪುಡಿ ಉದುರದಂಗ ಹಿಡಿಯೋ ಸ್ಪ್ರೇ) ಹೊಡದು ನಡುವ ಬಟರ್ ಪೇಪರ್ ಇಡು. ಸುರಳಿ ಸುತ್ತಿ ಒಯ್ಯಬ್ಯಾಡ, ಟೇಬಲ್ ಮ್ಯಾಲ ಬಿಚ್ಚಿದ ಕೂಡ್ಲೆ ಸುತಗೋತೈತಿ, ನಾಕೂ ಮೂಲಿ ಹಿಡಿಯಾಕ ನಿನಗ ನಾಕ ಕೈ ಇಲ್ಲ. ಎರಡ ದಪ್ಪ ರಟ್ಟಿನ ನಡುವ ಚಪ್ಪಟಿ ಇಟ್ಟು ದಾರಾ ಕಟ್ಟು, ಬಸ್ಸಿನಾಗ ಮ್ಯಾಲಿನ ಕ್ಯಾರಿಯರಿಗೆ ಹಾಕದ ಕಾಲಮ್ಯಾಲ ಇಟ್ಕೊ. ಆ ಐದ ನಿಮಿಷದ ಪೆನ್ ಸ್ಕೆಚ್ ಬುಕ್ಕೂ ಜೋಡಿ ಇರ್ಲಿ, ಕೇಳಿದ್ರ ಕೊಡಾಕ.

ಮೊದಲ ಮೂರ ಹಾಳಿ ಆದ್ಮ್ಯಾಲ ಇಲ್ಲೇ ಗುಂಪಿನಾಗ ಹಾಕು, ಫ್ಲ್ಯಾಶ್ ಬ್ಯಾಡ, ಕಿಡಕಿ ಬೆಳಕಿನಾಗ ಸೀದಾ ಮ್ಯಾಲಿಂದ ಹಿಡಿ. ಮಾಮಾನ ಹುಬ್ಬು ಮೊದಲ ನೋಡ್ಬೇಕು ನನಗ. ಮತ್ತ ಗಿರಣ್ಯಾಗ ಕುಂತಾಗ ಚಾರ್ಕೋಲ್ ಹಾಳಿಮ್ಯಾಲ ಹಿಟ್ಟ ಬಿದ್ರ ಕೈಲೆ ಒರಸಬ್ಯಾಡ, ಬೋರ್ಡ್ ನೆಟ್ಟಗ ನಿಂದರಸಿ ಹಿಂದಿಂದ ಮೆಲ್ಲಕ ಬಡಿ, ಉದುರತೈತಿ.