ಅತಿಥಿಗಳು ಬಂದ ದಿನದ ಹೊಟ್ಟೆನೋವು

ನಾನು ಮಕ್ಕಳ ಆಪ್ತಸಮಾಲೋಚಕಿ. ಪ್ರಾಥಮಿಕ ಶಾಲೆಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಹೊಟ್ಟೆನೋವಿನವು. ಎಂಟು ವರ್ಷದ ಮಗುವಿಗೆ ಇದು ದುಃಖ, ಇದು ಭಯ, ಇದು ನಾಚಿಕೆ ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟು ತೋರಿಸಲು ಬರುತ್ತದೆ. ಹಾಗಾಗಿ ದಕ್ಷಿಣ ಕೊಡಗಿನ ಒಂದು ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ ಕರೆ ಮಾಡಿ, "ಮೇಡಂ, ಒಂದು ಮಗು ತಿಂಗಳಿಗೆ ಎರಡು ಮೂರು ಸಲ ಹೊಟ್ಟೆ ಹಿಡಿದುಕೊಂಡು ಮಲಗಿಬಿಡುತ್ತದೆ" ಎಂದಾಗ ನನಗೆ ವಿಶೇಷವೇನೂ ಅನಿಸಲಿಲ್ಲ. ಹಿಂದಿನ ವರ್ಷ ಆ ಮಗುವಿನ ತಂದೆ ಆನೆಯ ದಾಳಿಯಲ್ಲಿ ಸತ್ತಿದ್ದರು ಎಂದು ತಿಳಿದ ಮೇಲಂತೂ ಕಾರಣ ಕೈಗೆ ಸಿಕ್ಕಿತು ಎಂದೇ ಭಾವಿಸಿದೆ. ನನ್ನ ಎಣಿಕೆ ತಪ್ಪಾಗಿತ್ತು.

ಹುಡುಗಿಯನ್ನು ಇಲ್ಲಿ ಕಾವೇರಿ ಎಂದು ಕರೆಯುತ್ತೇನೆ. ಕೊಡಗಿನಲ್ಲಿ ಎತ್ತ ಕೂಗಿದರೂ ಒಬ್ಬಳು ಕಾವೇರಿ ತಿರುಗಿ ನೋಡುವುದರಿಂದ ಈ ಹೆಸರು ಯಾರನ್ನೂ ತೋರಿಸಿಕೊಡುವುದಿಲ್ಲ. ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಮೂರನೇ ತರಗತಿ, ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿಯ ಕೊನೆಯ ವರ್ಷ. ತಾಯಿ ಕಾಫಿ ತೋಟದ ಕಾರ್ಮಿಕಳು, ತೋಟದವರು ಕಾರ್ಮಿಕರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿ ವಾಸ, ಜೊತೆಗೆ ಅಜ್ಜಿ. ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುವಾಗ ತಂದೆಗೆ ಆನೆ ಎದುರಾಗಿತ್ತು. ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಹಲಸು ಹಣ್ಣಾದಾಗ, ಕಾಫಿ ಕೆಂಪಾದಾಗ ಆನೆ ಯಾವ ದಾರಿಯಲ್ಲಿ ನಿಂತಿರುತ್ತದೆ ಎಂದು ಯಾರೂ ಹೇಳಲಾರರು.

ಹೊಟ್ಟೆನೋವು ಎಂದರೆ ಮೊದಲು ಹೊಟ್ಟೆಯನ್ನೇ ನೋಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಪರೀಕ್ಷಿಸಿ ಏನೂ ಇಲ್ಲ ಎಂದರು. ಯಾರಾದರೂ ಹೊಡೆಯುತ್ತಾರೆಯೇ, ಮುಟ್ಟಬಾರದ ಕಡೆ ಮುಟ್ಟುತ್ತಾರೆಯೇ ಎಂಬುದನ್ನೂ ನಿಧಾನವಾಗಿ ವಿಚಾರಿಸಿದೆ. ಇದನ್ನು ಕೇಳಲು ಶಿಕ್ಷಕರು ಸಂಕೋಚಪಡುತ್ತಾರೆ. ಸಂಕೋಚಪಡಬಾರದು. ಅಂಥ ಸುಳಿವು ಸಿಕ್ಕರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಡಿ ತಿಳಿದವರು ದೂರು ನೀಡಲೇಬೇಕು. ಮಕ್ಕಳ ಸಹಾಯವಾಣಿ 1098 ಇದೆ. ಕಾವೇರಿಯ ವಿಷಯದಲ್ಲಿ ಅದೇನೂ ಇರಲಿಲ್ಲ.

ಮೊದಲ ಎರಡು ಭೇಟಿಗಳಲ್ಲಿ ಅವಳು ವಿಧೇಯಳಾಗಿದ್ದಳು. ಕೇಳಿದ್ದಕ್ಕೆಲ್ಲ ಉತ್ತರ, ಅಪ್ಪನ ಮಾತು ಬಂದ ಕೂಡಲೇ ಕಣ್ಣಲ್ಲಿ ನೀರು. ನಾನು ನನ್ನ ಟಿಪ್ಪಣಿಯಲ್ಲಿ "ದುಃಖ ಹೊರಬರುತ್ತಿದೆ" ಎಂದು ಬರೆದುಕೊಂಡಿದ್ದೆ. ಈಗ ಆ ಸಾಲನ್ನು ಓದಿದರೆ ನನಗೇ ನಾಚಿಕೆಯಾಗುತ್ತದೆ.

ಮೂರನೇ ಭೇಟಿ ಜುಲೈ ತಿಂಗಳಲ್ಲಿ. ಒಂದು ವಾರದ ಮಳೆ ರಜೆ ಮುಗಿದು ಶಾಲೆ ಆಗಷ್ಟೇ ತೆರೆದಿತ್ತು. ಬೇರೆ ಕೋಣೆ ಇಲ್ಲದ್ದರಿಂದ ಬಿಸಿಯೂಟದ ಅಕ್ಕಿ ಮೂಟೆಗಳನ್ನು ಇಡುವ ಕೋಣೆಯಲ್ಲಿ ಕುಳಿತಿದ್ದೆವು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ನಾನು ಹೇಳಿದ್ದು ಅವಳಿಗೆ ಕೇಳಿಸುತ್ತಿರಲಿಲ್ಲ, ಅವಳು ಹೇಳಿದ್ದು ನನಗೆ ಕೇಳಿಸುತ್ತಿರಲಿಲ್ಲ. ಆ ಮಳೆಗೆ ನಾನು ಋಣಿ. ಪ್ರಶ್ನೆ ಕೇಳುವುದನ್ನು ಬಿಟ್ಟು ಸುಮ್ಮನೆ ಕುಳಿತೆ. ಅವಳು ಹುಣಸೆ ಬೀಜಗಳನ್ನು ಹತ್ತು ಹತ್ತರ ಸಾಲಾಗಿ ಜೋಡಿಸುತ್ತಿದ್ದಳು. ಮಳೆ ಸ್ವಲ್ಪ ಕಡಿಮೆಯಾದಾಗ ತಲೆ ಎತ್ತದೆಯೇ ಕೇಳಿದಳು:

"ಟೀಚರ್, ಇವತ್ತು ಅಳುವುದು ಈಗಲೋ, ಆಮೇಲೋ?"

ನನಗೆ ಅರ್ಥವಾಗಲಿಲ್ಲ. ಯಾಕೆ ಅಳಬೇಕು ಎಂದೆ.

"ಬೇರೆಯವರು ಬಂದಾಗ ಹೆಡ್ ಟೀಚರ್ ನನ್ನನ್ನು ಮುಂದೆ ನಿಲ್ಲಿಸಿ ಅಪ್ಪನ ವಿಷಯ ಹೇಳುತ್ತಾರೆ. ಆಗ ಅಳು ಬಂದರೆ ಅವರು ತಲೆ ಸವರುತ್ತಾರೆ. ಹೋದ ಸಲ ಅಳು ಬರಲೇ ಇಲ್ಲ. ಹೊಸ ಬ್ಯಾಗ್ ನೋಡಿ ನಗು ಬಂತು. ಅಪ್ಪ ಸತ್ತರೂ ನಗುತ್ತಾಳೆ ಎಂದು ಹುಡುಗಿಯರು ಹೇಳಿದರು."

ಬೀಜಗಳ ಒಂದು ಸಾಲು ಮುಗಿಯಿತು. ಮತ್ತೊಂದು ಸಾಲು ಶುರು ಮಾಡಿದಳು.

"ಅಪ್ಪ ಬಿದ್ದು ಸತ್ತರು ಎಂದು ಅಮ್ಮ ಹೇಳಿದ್ದಳು. ಆನೆ ಎತ್ತಿ ಎಸೆಯಿತು ಎಂದು ಹೆಡ್ ಟೀಚರ್ ಅವರಿಗೆಲ್ಲ ಹೇಳುವಾಗಲೇ ನನಗೆ ಗೊತ್ತಾಗಿದ್ದು."

ಸ್ವಲ್ಪ ಹೊತ್ತು ಬಿಟ್ಟು, "ನೀವೂ ಅದನ್ನೇ ಕೇಳಲು ಬಂದವರಲ್ಲವೇ?" ಎಂದಳು.

ಹೌದು, ನಾನೂ ಅದನ್ನೇ ಕೇಳಲು ಬಂದವಳು. ಹೊರಗಿನಿಂದ ಬಂದು, ಕುರ್ಚಿಯ ಮೇಲೆ ಕುಳಿತು, ಅಪ್ಪನ ವಿಷಯ ತೆಗೆದವಳು. ಮೊದಲ ಎರಡು ದಿನ ಅವಳು ನನಗಾಗಿ ಅತ್ತಿದ್ದಳು, ಅತಿಥಿ ಸತ್ಕಾರ ಮಾಡಿದಂತೆ.

ನಾನು ಕ್ಷಮೆ ಕೇಳಿದೆ. ಅಳಬೇಕಾಗಿಲ್ಲ, ನಕ್ಕರೂ ತಪ್ಪಿಲ್ಲ ಎಂದೆ. ಆಗ ಅವಳಾಗಿಯೇ ಅಪ್ಪನ ಬಗ್ಗೆ ಒಂದು ಕಥೆ ಹೇಳಿದಳು. ಅದರಲ್ಲಿ ಆನೆ ಇರಲಿಲ್ಲ, ಸಾವು ಇರಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೊನೆಗೆ, ಹೆಡ್ ಟೀಚರ್ ಹತ್ತಿರ ಯಾವುದನ್ನು ಹೇಳಲಿ ಎಂದು ಕೇಳಿದೆ. ಯೋಚಿಸಿ ಹೇಳಿದಳು: "ಅಳುವ ವಿಷಯ ಹೇಳಿ. ಅಪ್ಪನ ಕಥೆ ಯಾರಿಗೂ ಹೇಳಬೇಡಿ." ಆದ್ದರಿಂದ ಆ ಕಥೆ ಇಲ್ಲಿಲ್ಲ.

ಆಮೇಲೆ ಸಂದರ್ಶಕರ ಪುಸ್ತಕ ತರಿಸಿ ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದೆ. ದಾನಿಗಳು, ಸಂಘದವರು, ಪರಿಹಾರದ ಕಡತ ಹಿಡಿದು ಬಂದವರು. ಅವರ ಸಹಿ ಇರುವ ದಿನಗಳಿಗೂ ಹೊಟ್ಟೆನೋವಿನ ದಿನಗಳಿಗೂ ಒಂದೆರಡು ಬಿಟ್ಟರೆ ತಾಳೆಯಾಗುತ್ತಿತ್ತು. ಯಾರಾದರೂ ಬರುವ ಮುನ್ನಾದಿನ ಅಂಗಳ ಗುಡಿಸಿ, ತೊಳೆದ ಸಮವಸ್ತ್ರ ಹಾಕಿಕೊಂಡು ಬನ್ನಿ ಎಂದು ಹೇಳುತ್ತಿದ್ದರಲ್ಲ, ಅಲ್ಲಿಂದಲೇ ನೋವು ಶುರುವಾಗುತ್ತಿತ್ತು.

ಇದು ಮುಖ್ಯ ಶಿಕ್ಷಕಿಯನ್ನು ದೂರುವ ಬರಹವಲ್ಲ. ಆಕೆ ಒಳ್ಳೆಯವರು. ತಮ್ಮ ಸ್ಕೂಟರಿನಲ್ಲೇ ಆ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರು. ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ, ಸೋರುವ ಮಾಡು ರಿಪೇರಿಯಾಗಬೇಕು, ಕಥೆ ಹೇಳದೆ ಯಾರೂ ಕೈ ಬಿಚ್ಚುವುದಿಲ್ಲ. ನಾನು ವಿಷಯ ತಿಳಿಸಿದಾಗ ಅವರ ಮುಖ ಕೆಂಪಾಯಿತು. "ನಾನು ಆ ಮಗುವನ್ನು ತೋರಿಸಿ ಭಿಕ್ಷೆ ಬೇಡುತ್ತಿದ್ದೇನೆ ಎನ್ನುತ್ತೀರಾ?" ಎಂದರು. ಹಾಗಲ್ಲ ಎಂದೆ. ಪೂರ್ತಿ ಪ್ರಾಮಾಣಿಕವಾದ ಉತ್ತರ ಅದಾಗಿರಲಿಲ್ಲ. ಆದರೆ ತಂದೆ ಸತ್ತ ಬಗೆ ಮಗುವಿಗೆ ತಿಳಿದದ್ದು ಅವರ ಮಾತಿನಿಂದಲೇ ಎಂದು ಹೇಳಿದ ಮೇಲೆ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಚಹಾ ತಣ್ಣಗಾಯಿತು.

ನಾನು ಈ ವಿಷಯದಲ್ಲಿ ಇಷ್ಟು ಹಟ ಹಿಡಿಯುವುದಕ್ಕೆ ಹಳೆಯ ಕಾರಣವೊಂದಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ಪರಿಹಾರ ಕೇಂದ್ರವೊಂದರಲ್ಲಿ ಕೆಲಸ ಮಾಡಿದೆ. ಬರುವವರು ಒಬ್ಬರ ಹಿಂದೆ ಒಬ್ಬರು; ಕಂಬಳಿ ಕೊಡುವವರೂ ಕ್ಯಾಮೆರಾ ಹಿಡಿದವರೂ ಮಕ್ಕಳನ್ನು ಕೇಳುತ್ತಿದ್ದದ್ದು ಒಂದೇ: "ಏನಾಯಿತು ಹೇಳು ಪುಟ್ಟಾ." ಒಬ್ಬ ಹುಡುಗ ನಾಲ್ಕೇ ದಿನಗಳಲ್ಲಿ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕೈ ಎತ್ತಬೇಕು ಎಂಬುದನ್ನೆಲ್ಲ ಕಲಿತುಬಿಟ್ಟ. ಎಷ್ಟು ಧೈರ್ಯವಂತ ಎಂದು ದೊಡ್ಡವರು ಹೊಗಳಿದರು. ರಾತ್ರಿ ಅವನು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಸಂಕಟದಲ್ಲಿರುವವರನ್ನು ನಡೆದದ್ದನ್ನು ಹೇಳುವಂತೆ ಒತ್ತಾಯಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಬರೆದಿದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದು ಬಾಯಿ ಬಿಡಲಿಲ್ಲ.

"ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆಯಲ್ಲವೇ?" ಎಂದು ಶಿಕ್ಷಕರು ಕೇಳುತ್ತಾರೆ. ಆಗುತ್ತದೆ. ತನಗೆ ಬೇಕಾದಾಗ, ಬೇಕಾದವರ ಹತ್ತಿರ, ಬೇಕಾದಷ್ಟೇ ಹೇಳಿಕೊಂಡರೆ. ಆರೇಳು ವರ್ಷ ದಾಟಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಸತ್ತವರು ಮರಳುವುದಿಲ್ಲ ಎಂಬುದು ತಿಳಿಯುತ್ತದೆ. ಆದರೂ ಅವರ ದುಃಖ ದೊಡ್ಡವರ ದುಃಖದಂತೆ ಇಡೀ ದಿನ ಹಿಡಿದು ಕೂರುವುದಿಲ್ಲ. ಹತ್ತು ನಿಮಿಷ ಅತ್ತು ಹನ್ನೊಂದನೇ ನಿಮಿಷಕ್ಕೆ ಕುಂಟಬಿಲ್ಲೆಗೆ ಓಡುತ್ತಾರೆ. ಅದು ಮರೆವೂ ಅಲ್ಲ, ಕಲ್ಲು ಮನಸ್ಸೂ ಅಲ್ಲ.

ಶಾಲೆಗೆ ಹೇಳಿದ್ದು ಇಷ್ಟು. ಯಾರೇ ಬರಲಿ, ಕಾವೇರಿಯನ್ನು ಕರೆಯಬೇಡಿ, ಫೋಟೊ ತೆಗೆಯಲು ಬಿಡಬೇಡಿ. ಬ್ಯಾಗ್ ಕೊಡುವವರು ಇಡೀ ತರಗತಿಗೆ ಕೊಡಲಿ, ಇಲ್ಲವೇ ಸದ್ದಿಲ್ಲದೆ ಮನೆಗೆ ತಲುಪಿಸಲಿ. ಅವಳ ಸರದಿಯನ್ನು ಅವಳಿಗೆ ಹಿಂದಿರುಗಿಸಿ: ಪಾಪ ಎಂದು ಒಂದು ವರ್ಷದಿಂದ ಅವಳಿಗೆ ಗಿಡಕ್ಕೆ ನೀರು ಹಾಕುವ ಕೆಲಸವನ್ನೂ ಕೊಟ್ಟಿರಲಿಲ್ಲ, ಹಾಲು ಹಂಚುವ ಕೆಲಸವನ್ನೂ ಕೊಟ್ಟಿರಲಿಲ್ಲ. ಹೋಂವರ್ಕ್ ಮಾಡದಿದ್ದರೆ ಉಳಿದ ಮಕ್ಕಳಿಗೆ ಹೇಳುವಷ್ಟೇ ಅವಳಿಗೂ ಹೇಳಿ. (ಹೊಡೆಯುವುದು, ಅವಮಾನಿಸುವುದು ಯಾವ ಮಗುವಿಗೂ ಇಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ.) ತರಗತಿಯ ಶಿಕ್ಷಕಿಗೆ ಒಂದೇ ವಾಕ್ಯ ಕೊಟ್ಟೆ: "ಬೇಕೆನಿಸಿದಾಗ ನನ್ನ ಪಕ್ಕ ಬಂದು ಕುಳಿತುಕೋ." ಬಂದಾಗ ಯಾಕೆ ಎಂದು ಕೇಳಬಾರದು. ಈ ಕೊನೆಯದು ಆ ಶಿಕ್ಷಕಿಗೆ ಎಲ್ಲಕ್ಕಿಂತ ಕಷ್ಟವಾಯಿತಂತೆ.

ಕಾವೇರಿಯ ಆನೆಯ ಭಯ ಹೋಗಲಾಡಿಸಲು ಏನಾದರೂ ಮಾಡಿ ಎಂದೂ ಶಾಲೆಯವರು ಕೇಳಿದ್ದರು. ಅದನ್ನು ನಾನು ಒಪ್ಪಲಿಲ್ಲ. ಆನೆ ಓಡಾಡುವ ದಾರಿಯಲ್ಲಿ ಆನೆಗೆ ಹೆದರುವುದು ಕಾಯಿಲೆಯಲ್ಲ, ಬುದ್ಧಿವಂತಿಕೆ. ಅವಳಿಗೆ ಬೇಕಾದದ್ದು ಜೊತೆಗೆ ನಡೆಯುವ ಒಬ್ಬ ದೊಡ್ಡವರು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮಾತನಾಡಿ, ಲೈನ್ ಮನೆಗಳ ಮಕ್ಕಳೆಲ್ಲ ಒಟ್ಟಾಗಿ ತೋಟದ ಜೀಪಿನಲ್ಲಿ ಬರುವ ಏರ್ಪಾಡಾಯಿತು. ನಡುವೆ ಜೀಪು ಕೆಟ್ಟು ನಿಂತ ದಿನಗಳೂ ಇವೆ.

ತಾಯಿಯೊಡನೆ ಮಾತನಾಡುವುದು ತಡವಾಯಿತು. ಸಂಜೆಯವರೆಗೆ ಕೆಲಸ, ಕತ್ತಲಾದ ಮೇಲೆ ಹೊರಗೆ ಬರುವಂತಿಲ್ಲ. "ಅವಳೆದುರು ಅವರ ಹೆಸರನ್ನೇ ಎತ್ತುವುದಿಲ್ಲ ಅಕ್ಕಾ, ಅವಳು ಅಳುತ್ತಾಳೆ" ಎಂದರು. ಅಳಲಿ, ನಿಮ್ಮ ಹತ್ತಿರ ಅಳಲಿ ಎಂದೆ. ಕೇಳಿದ ಪ್ರಶ್ನೆಗೆ ನಿಜವನ್ನೇ, ಚಿಕ್ಕದಾಗಿ ಹೇಳಿ. ಕೇಳದ್ದನ್ನು ಹೇಳಬೇಡಿ. ತಾಯಿಗೂ ನಿದ್ದೆ ಇರಲಿಲ್ಲ. ಮಾನಸಿಕ ಆರೋಗ್ಯದ ಟೆಲಿ-ಮನಸ್ ಸಹಾಯವಾಣಿಯ ಸಂಖ್ಯೆ 14416 ಅನ್ನು ಕ್ಯಾಲೆಂಡರಿನ ಮೇಲೆ ಬರೆದುಕೊಟ್ಟು ಬಂದೆ. ವಾರಗಟ್ಟಲೆ ಊಟ ಬಿಡುವ, ಆಟ ಬಿಡುವ, ತಾನೂ ಸತ್ತರೆ ಚೆನ್ನಾಗಿತ್ತು ಎನ್ನುವ ಮಗುವಾಗಿದ್ದರೆ ನಾನು ಇಷ್ಟಕ್ಕೆ ನಿಲ್ಲಿಸುತ್ತಿರಲಿಲ್ಲ, ನೇರ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ.

ನನ್ನಿಂದಾಗಿ ಒಬ್ಬ ದಾನಿ ಹಿಂದೆ ಸರಿದರು ಎಂಬ ಮಾತು ಕಿವಿಗೆ ಬಿತ್ತು. ಇರಬಹುದು. ಮಾಡು ಆ ಮಳೆಗಾಲವೂ ಸೋರಿತು. ಆ ವಿಷಯಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹೊಟ್ಟೆನೋವು ಒಂದೇ ಸಲಕ್ಕೆ ನಿಲ್ಲಲಿಲ್ಲ. ಸ್ವಾತಂತ್ರ್ಯ ದಿನಾಚರಣೆಯ ಮುನ್ನಾದಿನ ಮತ್ತೆ ಬಂತು, ದಸರಾ ರಜೆಯ ನಂತರ ಒಮ್ಮೆ ಬಂತು. ಕಾಫಿ ಕೊಯ್ಲಿನ ಹೊತ್ತಿಗೆ ನಾನು ಹೋದಾಗ ಬೇರಾವುದೋ ಊರಿನ ನಾಲ್ಕು ಜನ ಕಚೇರಿಯಲ್ಲಿ ಕುಳಿತಿದ್ದರು. ಮುಖ್ಯ ಶಿಕ್ಷಕಿ ಅವರನ್ನು ಮಾಡಿನ ಒಡೆದ ಹೆಂಚು ತೋರಿಸಲು ಕರೆದೊಯ್ದರು. ನನ್ನೊಡನೆ ಬಿಗುವಾಗಿಯೇ ಇದ್ದರು. ಕಾವೇರಿ ಮಗ್ಗಿ ಬರೆಯದೆ ಬಂದು ಬೈಸಿಕೊಂಡಿದ್ದಳು, ಮುಖ ಊದಿಸಿಕೊಂಡು ಕಂಬಕ್ಕೆ ಒರಗಿ ಬರೆಯುತ್ತಿದ್ದಳು. ಮಾತನಾಡೋಣವೇ ಎಂದೆ.

"ಇವತ್ತು ಬೇಡ ಟೀಚರ್, ಏಳರ ಮಗ್ಗಿ ಇನ್ನೂ ಇದೆ" ಎಂದಳು.

ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿ ಬಸ್ಸಿಗೆ ನಡೆದೆ.