ಐಟಿಐ ವಿದ್ಯಾರ್ಥಿಗಳಿಗೆ ಕೆಲಸ ಬರುತ್ತದೆ, ಅದನ್ನೇ ಇಂಗ್ಲಿಷ್‌ನಲ್ಲಿ ಹಂತಹಂತವಾಗಿ ಬರೆಯೋಕೆ ಯಾಕೆ ಕಷ್ಟ?

ಗ್ರಾಮರ್ ಕಾರಣ ಅಂತ ಹೇಳುವವರೇ ಜಾಸ್ತಿ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಸೂಚನೆ ಬರೆಯೋಕೆ ಬೇಕಾದ ಇಂಗ್ಲಿಷ್ ತೀರಾ ಕಡಿಮೆ: 'ಸ್ವಿಚ್ ಆಫ್ ದ ಮೇನ್', 'ರಿಮೂವ್ ದ ಕವರ್'. ಕ್ರಿಯಾಪದದಿಂದ ಶುರು, ಟೆನ್ಸ್ ಗೊಡವೆ ಇಲ್ಲ. ಆದರೆ ಶಾಲೆಯಲ್ಲಿ ಪ್ರಬಂಧ ಬರೆದು ಅಭ್ಯಾಸ ಅಲ್ವಾ, 'ಫಸ್ಟ್ ವಿ ಆರ್ ಸ್ವಿಚಿಂಗ್ ಆಫ್' ಅಂತ ಕಥೆ ಹೇಳಲು ಹೊರಡುತ್ತಾರೆ.

ನಿಜವಾದ ತೊಡಕು ಬೇರೆ. ಕೈಗೆ ರೂಢಿಯಾದದ್ದು ಕಾಗದಕ್ಕೆ ಇಳಿಯುವುದಿಲ್ಲ. ಸಾಕೆಟ್ ಬದಲಿಸುವ ವಿಧಾನ ಬರೆಯಿರಿ ಅಂದರೆ, ಮೇನ್ ಆಫ್ ಮಾಡಿದ ಮೇಲೆ ಟೆಸ್ಟರ್ ಇಟ್ಟು ನೋಡುವುದನ್ನು ಬಿಡುತ್ತಾರೆ. ಇನ್ಸುಲೇಷನ್ ಎಷ್ಟು ಸುಲಿಯಬೇಕು, ಯಾವ ವೈರ್ ಯಾವ ಟರ್ಮಿನಲ್‌ಗೆ, ಅದೂ ಇಲ್ಲ. ಎಚ್ಚರಿಕೆ ಬರುವುದು ಕೊನೆಯ ಸಾಲಿನಲ್ಲಿ, ಶಾಕ್ ಹೊಡೆದ ಮೇಲೆ ಓದೋಕೆ!

ವಿಮಾನ ದುರಸ್ತಿ ಕೈಪಿಡಿಗಳಿಗೆಂದು ಮಾಡಿದ ಎಎಸ್‌ಡಿ-ಎಸ್‌ಟಿಇ100 ಎಂಬ ಸರಳ ಇಂಗ್ಲಿಷ್ ನಿಯಮ ಇಲ್ಲಿಗೂ ಹೊಂದುತ್ತದೆ: ಸೂಚನೆಯ ವಾಕ್ಯ 20 ಪದ ಮೀರಬಾರದು, ಸಾಮಾನ್ಯವಾಗಿ ಒಂದು ವಾಕ್ಯಕ್ಕೆ ಒಂದೇ ಕೆಲಸ. ಬರೆದದ್ದನ್ನು ಬೇರೆ ಟ್ರೇಡಿನವರ ಕೈಗೆ ಕೊಡಿ. ಕರೆಂಟ್ ಇಲ್ಲದ ಬೋರ್ಡಿನ ಮೇಲೆ, ಓದಿದಷ್ಟನ್ನೇ ಮಾಡಿಸಿ. ಅವರು ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಅಲ್ಲಿ ಒಂದು ಹಂತ ಬಿಟ್ಟುಹೋಗಿದೆ.